ಹಬ್ಬದ ರಾತ್ರಿಯೂ ಮರುದಿನದ ಕಿವಿಯೂ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ನೀಲಗಿರಿಯಲ್ಲಿ ಹಬ್ಬಗಳ ಕಾಲ ಆರಂಭವಾಯಿತೆಂದೇ ಲೆಕ್ಕ. ಕ್ರಿಸ್ಮಸ್, ಹೊಸ ವರ್ಷ, ಬಡಗ ಬಂಧುಗಳ ಹೆತ್ತೆ ಹಬ್ಬ, ಪೊಂಗಲ್, ಆಮೇಲೆ ಮಸಿನಗುಡಿಯ ಹತ್ತಿರ ಬೊಕ್ಕಾಪುರದ ಮಾರಿಯಮ್ಮನ ಜಾತ್ರೆ, ಏಪ್ರಿಲ್ ವೇಳೆಗೆ ಊಟಿಯ ಮಾರಿಯಮ್ಮನ ತೇರು. ನಡುನಡುವೆ ಮದುವೆಗಳು, ನಮ್ಮ ಸುವಾರ್ತಾ ಕೂಟಗಳು. ಬೆಳಗ್ಗಿನಿಂದ ಸಂಜೆಯ ತನಕ ಮಂಜು, ಅಟ್ಟೆ ಮತ್ತು ಟೀ ಗಿಡಗಳನ್ನೇ ನೋಡುವ ಜನಕ್ಕೆ ವರ್ಷದಲ್ಲಿ ಹತ್ತು ದಿನ ಹಾಡು, ಬೆಳಕು, ನೆಂಟರು ಬೇಕೇ ಬೇಕು. ಹಬ್ಬ ಬೇಡವೆಂದು ಹೇಳುವುದಕ್ಕೆ ನಾವು ಈ ಪುಟವನ್ನು ಬಳಸುತ್ತಿಲ್ಲ. ಹಬ್ಬದ ಮೂಲೆಯಲ್ಲಿ ಆಳುದ್ದ ನಿಂತಿರುವ ಆ ಕಪ್ಪು ಪೆಟ್ಟಿಗೆಗಳ ವಿಷಯವಾಗಿ ಎರಡು ಮಾತು ಹೇಳಬೇಕಾಗಿದೆ.

ಮಾತನ್ನು ನಮ್ಮ ಮನೆಯಿಂದಲೇ ಆರಂಭಿಸುತ್ತೇವೆ. ಕಳೆದ ವರ್ಷ ನಾವು ಹೋಗಿದ್ದ ಒಂದು ಕೂಟದಲ್ಲಿ ವೇದಿಕೆಯ ಎರಡು ಕಡೆಗೂ ಸ್ಪೀಕರ್ ಬಾಕ್ಸುಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಮುಂದಿನ ಸಾಲು ತಾಯಂದಿರಿಗೂ ಮಕ್ಕಳಿಗೂ ಎಂದು ಬಿಟ್ಟಿದ್ದರು. ಗೌರವದಿಂದ ಮಾಡಿದ ಏರ್ಪಾಡೇ ಅದು. ಒಬ್ಬ ತಾಯಿ ಏಳೆಂಟು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಕ್ಸಿಗೆ ಮೂರು ಮೊಳ ದೂರದಲ್ಲಿ ಕುಳಿತಿದ್ದರು. ಹಾಡು ಶುರುವಾದಾಗ ಕೂಸು ಬೆಚ್ಚಿ ಅತ್ತಿತು. ಅತ್ತದ್ದು ಬಾಯಿ ತೆರೆದುದರಿಂದ ಗೊತ್ತಾಯಿತೇ ಹೊರತು ಯಾರಿಗೂ ಕೇಳಿಸಲಿಲ್ಲ. ತಾಯಿ ಸೆರಗನ್ನು ಅದರ ಕಿವಿಯ ಮೇಲೆ ಎಳೆದರು. ಅದೇ ಸಾಲಿನ ಕೊನೆಯಲ್ಲಿ ಇಪ್ಪತ್ತೈದು ವರ್ಷ ಟೀ ಫ್ಯಾಕ್ಟರಿಯಲ್ಲಿ ದುಡಿದ ಒಬ್ಬ ಹಿರಿಯರು ಕುಳಿತಿದ್ದರು. ಏಕೆ ಅಷ್ಟು ಮುಂದೆ ಎಂದು ಕೇಳಿದೆವು. ಹಿಂದೆ ಕುಳಿತರೆ ಪ್ರಸಂಗ ಕೇಳಿಸುವುದಿಲ್ಲ, ಅದಕ್ಕೇ ಬಾಕ್ಸಿನ ಹತ್ತಿರ ಕೂರುತ್ತೇನೆ ಅಂದರು. ಕಿವಿ ಕಳೆದುಕೊಂಡವರು ಉಳಿದ ಕಿವಿಯನ್ನೂ ಅಲ್ಲಿಗೇ ಒಯ್ದು ಒಪ್ಪಿಸುತ್ತಿದ್ದಾರೆ. ಆ ಸಂಜೆ ನಾವೂ ಸುಮ್ಮನೆ ಕುಳಿತು ಎದ್ದು ಬಂದೆವು. ಒಬ್ಬರೂ ಮೈಕ್ ಸೆಟ್ಟಿನ ಹುಡುಗನ ಬಳಿಗೆ ಹೋಗಿ ಸ್ವಲ್ಪ ಇಳಿಸಪ್ಪಾ ಎನ್ನಲಿಲ್ಲ. ಆ ತಪ್ಪು ನಮ್ಮದು.

ಕಿವಿಯೊಳಗೆ ಏನಾಗುತ್ತದೆಂದು ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ತಲೆಯೊಳಗೆ, ಕಿವಿಯ ತಮಟೆಗೂ ಒಳಗಡೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಗಾತ್ರದಲ್ಲಿ ಬಟಾಣಿ ಕಾಳಿನಷ್ಟು. ಅದರೊಳಗೆ ನೀರು, ನೀರಿನಲ್ಲಿ ಸುಮಾರು 15,000 ಸೂಕ್ಷ್ಮ ಜೀವಕಣಗಳು, ಒಂದೊಂದರ ತುದಿಯಲ್ಲೂ ಕೂದಲಿನಂಥ ಎಳೆಗಳು. ಸದ್ದು ಬಂದಾಗ ನೀರು ಅಲುಗುತ್ತದೆ, ಎಳೆಗಳು ಬಾಗುತ್ತವೆ, ಆ ಸುದ್ದಿ ನರದ ಮೂಲಕ ಮೆದುಳಿಗೆ ಹೋಗುತ್ತದೆ. ರಾಗಿ ಹೊಲದ ಮೇಲೆ ಗಾಳಿ ಬೀಸಿದರೆ ಪೈರು ಬಾಗಿ ಮತ್ತೆ ಏಳುತ್ತದಲ್ಲವೇ? ಹಾಗೆ. ಆದರೆ ರಾತ್ರಿಯೆಲ್ಲಾ ಆನೆ ತುಳಿದ ಹೊಲದಲ್ಲಿ ಕೆಲವು ಪೈರು ಬೆಳಗ್ಗೆ ಏಳುತ್ತವೆ, ಕೆಲವು ಏಳುವುದಿಲ್ಲ. ಹೊಲಕ್ಕಾದರೆ ಮುಂದಿನ ವರ್ಷ ಬೀಜ ಹಾಕಬಹುದು. ಮನುಷ್ಯನ ಕಿವಿಯಲ್ಲಿ ಸತ್ತ ಈ ಕಣಗಳು ಮತ್ತೆ ಹುಟ್ಟುವುದಿಲ್ಲ. ಅವನ್ನು ಮತ್ತೆ ಬೆಳೆಸುವ ಔಷಧ ಇದುವರೆಗೆ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಇನ್ನೊಂದು ಸಂಗತಿ, ಇದು ಜನ ಮೋಸಹೋಗುವ ಜಾಗ. ದೊಡ್ಡ ಸದ್ದಿನಿಂದ ಕಿವಿ ಕೆಡುವಾಗ ಮೊದಲು ಹೋಗುವುದು ದಪ್ಪ ಸ್ವರಗಳಲ್ಲ, ಸಣ್ಣ ತೀಕ್ಷ್ಣ ಸ್ವರಗಳು. ಬಸ್ಸಿನ ಹಾರ್ನ್ ಕೇಳುತ್ತದೆ, ಡೋಲು ಕೇಳುತ್ತದೆ, ಜನ ಮಾತಾಡುವುದೂ ಕೇಳುತ್ತದೆ. ಆದರೆ ಮಾತು ಬಿಡಿಸಿ ತಿಳಿಯುವುದಿಲ್ಲ. ಸ, ಶ, ಚ, ತ ಇಂಥ ಅಕ್ಷರಗಳು ಜಾರಿಹೋಗುತ್ತವೆ. ಆದ್ದರಿಂದ ಅಂಥವರು ತಮಗೆ ಕಿವಿ ಮಂದವಾಗಿದೆಯೆಂದು ಒಪ್ಪುವುದೇ ಇಲ್ಲ. ಸೊಸೆ ಗೊಣಗುತ್ತಾಳೆ, ಮಗ ಬಾಯಿ ಬಿಟ್ಟು ಮಾತಾಡುವುದಿಲ್ಲ ಎಂದು ಸಿಟ್ಟಾಗುತ್ತಾರೆ. ಲೈನ್ ಮನೆಗಳಲ್ಲಿ ಎಷ್ಟು ಜಗಳಗಳ ಬೇರು ಇಲ್ಲಿದೆಯೋ, ಯಾರು ಎಣಿಸಿದ್ದಾರೆ?

ಸದ್ದನ್ನು ಡೆಸಿಬಲ್ ಎಂಬ ಅಳತೆಯಿಂದ ಅಳೆಯುತ್ತಾರೆ. ನಾವು ಎದುರುಬದುರು ಕುಳಿತು ಆಡುವ ಮಾತು ಸುಮಾರು 60. ದಿನಕ್ಕೆ 8 ಗಂಟೆ ಕಾಲ 85 ಡೆಸಿಬಲ್ ತನಕ ಕಿವಿ ತಾಳಿಕೊಳ್ಳುತ್ತದೆಂದು ಈ ವಿಷಯ ಬಲ್ಲವರು ಲೆಕ್ಕ ಹಾಕುತ್ತಾರೆ. ಇಲ್ಲಿಂದ ಮುಂದಕ್ಕೆ ಲೆಕ್ಕ ಬೇರೆ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿ. ಹಾಗಾಗಿ ತಾಳುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಡಿ.ಜೆ. ಬಾಕ್ಸಿನ ಎದುರು 100 ದಾಟುವುದು ಏನೂ ದೊಡ್ಡ ವಿಷಯವಲ್ಲ. ಮಗ್ಗಿಯಂತೆ ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕೈ ದೂರದಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾದರೆ ಆ ಜಾಗದ ಸದ್ದು ಕಿವಿಗೆ ಕೇಡು ಮಾಡುವಷ್ಟಿದೆ ಎಂದು ತಿಳಿದರೆ ಸಾಕು.

ಈಗ ನಮ್ಮ ಜನರ ದಿನವನ್ನು ನೋಡಿ. ಪಟ್ಟಣದ ಗುಮಾಸ್ತರೊಬ್ಬರು ಇಡೀ ದಿನ ಮೇಜಿನ ಮುಂದೆ ಕುಳಿತು ರಾತ್ರಿ ಜಾತ್ರೆಗೆ ಹೋಗುತ್ತಾರೆ. ಅವರ ಕಿವಿ ಬಿಡುವಿನಲ್ಲಿತ್ತು. ನಮ್ಮವರು ಹಾಗಲ್ಲ. ಫ್ಯಾಕ್ಟರಿಯಲ್ಲಿ ರೋಲರ್, ಸಿ.ಟಿ.ಸಿ. ಯಂತ್ರ, ಡ್ರೈಯರಿನ ಫ್ಯಾನು ಇವುಗಳ ನಡುವೆ ಪಕ್ಕದವನ ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಮಾತು. ತೋಟದಲ್ಲಿಯೂ ಹಿಂದಿನ ಮೌನ ಉಳಿದಿಲ್ಲ. ಎಲೆ ಕತ್ತರಿಸಲು ಪೆಟ್ರೋಲ್ ಯಂತ್ರ, ಕವಾತಿಗೆ ಯಂತ್ರ, ಬೆನ್ನ ಮೇಲೆ ಔಷಧ ಹೊಡೆಯುವ ಯಂತ್ರ, ಮರಕ್ಕೆ ಯಂತ್ರದ ಗರಗಸ. ಕಿವಿಗೆ ದಿನಕ್ಕೆ ಇಷ್ಟು ಎಂದು ರೇಷನ್ ಕಾರ್ಡಿನಲ್ಲಿ ಬರೆದಿದೆ ಎಂದುಕೊಳ್ಳಿ. ಸಂಜೆ ಐದು ಗಂಟೆಗೆ ಮನೆಗೆ ಬರುವಾಗಲೇ ನಮ್ಮ ಪಾಲನ್ನು ಎಸ್ಟೇಟು ತೆಗೆದುಕೊಂಡಾಗಿದೆ. ರಾತ್ರಿ ಜಾತ್ರೆಯ ಬಾಕ್ಸಿನ ಮುಂದೆ ನಿಲ್ಲುವಾಗ ನಾವು ಕೊಡುತ್ತಿರುವುದು ನಾಳೆಯ ಪಾಲು, ಮುದಿತನದ ಪಾಲು.

ನಾಳೆಯ ಪಾಲು ಎಂದದ್ದು ಬರಿಯ ಮಾತಿನ ಅಲಂಕಾರವಲ್ಲ. ದೊಡ್ಡ ಸದ್ದಿನಿಂದ ಹೊರಗೆ ಬಂದಾಗ ಕಿವಿಗೆ ಹತ್ತಿ ತುರುಕಿದಂತೆ ಆಗುವುದು, ಗುಂಯ್ ಎನ್ನುವುದು ನಮ್ಮೆಲ್ಲರ ಅನುಭವ. ಅದು ಕೆಲವು ಗಂಟೆ, ಒಮ್ಮೊಮ್ಮೆ ಒಂದು ದಿನಕ್ಕೂ ಮೀರಿ ಇರುತ್ತದೆ. ಆಮೇಲೆ ಬಿಟ್ಟುಹೋಯಿತು ಎಂದು ನಾವು ಮರೆಯುತ್ತೇವೆ. ಬೊಕ್ಕಾಪುರದಿಂದಾಗಲಿ ಮದುವೆ ಮನೆಯಿಂದಾಗಲಿ ನಡುರಾತ್ರಿ ಹಿಂದಿರುಗುವ ದಾರಿ ಯಾವುದು? ಬೆಳಗ್ಗೆ ಮಸ್ಟರಿಗೆ ಹೋಗುವ ದಾರಿ ಯಾವುದು? ಗೂಡಲೂರು ಕಡೆಯಲ್ಲಿ, ಮಸಿನಗುಡಿಯಲ್ಲಿ ಅದು ಆನೆಯೂ ನಡೆಯುವ ದಾರಿ. ಕೂನೂರು, ಕೋತಗಿರಿ ಕಡೆಯ ತೋಟಗಳಲ್ಲಿ ಟೀ ಗಿಡಗಳ ನಡುವೆಯೇ ಕಾಡೆಮ್ಮೆ ಮಲಗಿರುತ್ತದೆ. ಮಂಜು ಕವಿದಾಗ ಕಣ್ಣು ಹತ್ತು ಮಾರು ದೂರ ಹೋಗುವುದಿಲ್ಲ. ಆಗ ನಮ್ಮನ್ನು ಕಾಯುವುದು ಕಿವಿ. ಬಿದಿರು ಮುರಿಯುವ ಚಟ್ ಶಬ್ದ, ಎಲೆ ಸವರುವ ಸದ್ದು, ಕಾಡೆಮ್ಮೆಯ ಮೂಗುಸಿರು, ಲಂಗೂರಿನ ಎಚ್ಚರಿಕೆಯ ಕೂಗು. ಆನೆ ಅಷ್ಟು ದೊಡ್ಡ ಪ್ರಾಣಿಯಾದರೂ ಅದರ ಹೆಜ್ಜೆಗೆ ಸದ್ದೇ ಇಲ್ಲವೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅದು ಬಂದ ಸುದ್ದಿ ಕೊಡುವುದು ಮುರಿದ ಕೊಂಬೆ, ಸವರಿದ ಎಲೆ. ರಾತ್ರಿಯ ಡಿ.ಜೆ. ಮೊದಲು ಕಿತ್ತುಕೊಳ್ಳುವುದೂ ಇಂಥ ಸಣ್ಣ ಸದ್ದುಗಳನ್ನೇ. ಕಿವಿ ಗುಂಯ್ ಎನ್ನುತ್ತಿರುವಾಗ ಒಬ್ಬಂಟಿಯಾಗಿ ಆ ದಾರಿ ಹಿಡಿಯಬೇಡಿರಿ, ಗುಂಪಿನಲ್ಲಿ, ಬೆಳಕು ಹಿಡಿದು ನಡೆಯಿರಿ ಎಂದು ನಾವು ವಿಶೇಷವಾಗಿ ಬೇಡುತ್ತೇವೆ. ದಾರಿಯಲ್ಲಿ ಫೋನಿನ ಹಾಡನ್ನು ಕಿವಿಗೆ ಸಿಕ್ಕಿಸಿಕೊಂಡು ನಡೆಯುವ ಯುವಕರಿಗೂ ಇದೇ ಮಾತು.

ಕಾನೂನು ಏನು ಹೇಳುತ್ತದೆಂಬುದನ್ನು ಚುಟುಕಾಗಿ ಬರೆಯುತ್ತೇವೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬರವಣಿಗೆಯ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕಕೂಡದು. ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಬಯಲಿನಲ್ಲಿ ಹಾಕಲೇಬಾರದು. ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿ 12ರ ತನಕ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬುದು ಮಿತಿ. ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಶಬ್ದದ ವಿಷಯವಾಗಿ ದೊಡ್ಡದೊಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದ ಕಾರಣವನ್ನು ಬರೆಯಲು ಮನಸ್ಸು ನೋಯುತ್ತದೆ. ಅತ್ಯಾಚಾರಕ್ಕೆ ಸಿಕ್ಕಿದ 13 ವರ್ಷದ ಒಬ್ಬ ಹುಡುಗಿಯ ಕೂಗು ನೆರೆಯಲ್ಲಿ ಅಬ್ಬರಿಸುತ್ತಿದ್ದ ಹಾಡಿನಿಂದಾಗಿ ಯಾರಿಗೂ ಕೇಳಿಸಲಿಲ್ಲ ಎಂದು ಒಬ್ಬ ಇಂಜಿನಿಯರ್ ಕೋರ್ಟಿಗೆ ಹೋದರು. ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ಇನ್ನೊಮ್ಮೆ ಓದಬೇಕು.

ಅದಕ್ಕೂ ಮೊದಲು, 2000ದ ಆಗಸ್ಟ್ 30ರಂದು, ಅದೇ ಕೋರ್ಟಿನಲ್ಲಿ ಇತ್ಯರ್ಥವಾದ ಇನ್ನೊಂದು ಮೊಕದ್ದಮೆ ನಮಗೆ ನೇರವಾಗಿ ಸಂಬಂಧಪಟ್ಟದ್ದು. ಅದು ದೇವಸ್ಥಾನದ ಮೇಲೆ ಬಂದ ದೂರಲ್ಲ, ಮಸೀದಿಯ ಮೇಲೆ ಬಂದದ್ದೂ ಅಲ್ಲ. ಚೆನ್ನೈಯ ಕೆ.ಕೆ.ಆರ್. ಮೆಜೆಸ್ಟಿಕ್ ಕಾಲನಿಯ ನಿವಾಸಿಗಳು ತಮ್ಮ ನೆರೆಯ ಕ್ರೈಸ್ತ ಸಭೆಯ ಮೈಕ್ ಮತ್ತು ಡ್ರಮ್ಮಿನ ಸದ್ದಿನ ಮೇಲೆ ತಂದ ದೂರು. ಚರ್ಚ್ ಆಫ್ ಗಾಡ್, ಫುಲ್ ಗಾಸ್ಪೆಲ್ ಸಭೆಯವರು ಆರಾಧನೆಯ ಹಕ್ಕನ್ನು ಮುಂದಿಟ್ಟರು. ನೆರೆಯವರ ಶಾಂತಿ ಕೆಡಿಸಿ, ಧ್ವನಿವರ್ಧಕ ಹಾಕಿ, ಡ್ರಮ್ ಬಾರಿಸಿಯೇ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ ಎಂಬ ಅಭಿಪ್ರಾಯವನ್ನು ಕೋರ್ಟು ಕೊಟ್ಟಿತು. ಮುದುಕರು, ರೋಗಿಗಳು, ವಿದ್ಯಾರ್ಥಿಗಳು, ಎಳೆಯ ಕೂಸುಗಳು ಇವರಿಗೂ ಹಕ್ಕಿದೆಯೆಂದು ನೆನಪಿಸಿತು. ನಮ್ಮಲ್ಲಿ ಕೆಲವರಿಗೆ ಈ ತೀರ್ಪಿನ ಮೇಲೆ ಇನ್ನೂ ಬೇಸರವಿದೆ. ನಮಗೆ ಬೇಸರವಿಲ್ಲ. ಬಾಸೆಲ್ ಮಿಷನ್ನಿನವರು 1846ರಲ್ಲಿ ಕೇತಿಗೆ ಬಂದು, ಬಡಗರ ಹಟ್ಟಿ ಹಟ್ಟಿಗೆ ನಡೆದು, ಜಗಲಿಯಲ್ಲಿ ಕುಳಿತು ಮಾತಾಡಿದವರು. ಅವರಲ್ಲಿ ಮೈಕ್ ಇರಲಿಲ್ಲ. ಎಲೀಯನು ಗುಡ್ಡದ ಮೇಲೆ ಗಾಳಿ, ಭೂಕಂಪ, ಬೆಂಕಿ ಎಲ್ಲ ದಾಟಿದ ಮೇಲೆ ಏನನ್ನು ಕೇಳಿಸಿಕೊಂಡನೆಂಬುದು ಭಾನುವಾರ ಶಾಲೆಯ ಮಗುವಿಗೂ ಗೊತ್ತು.

ಇದರಿಂದ ಒಂದು ಮಾತು ಹೊರಡುತ್ತದೆ. ನಮ್ಮ ವಾಚಕರಲ್ಲಿ ಯಾರಾದರೂ ಈ ಪುಟವನ್ನು ಹಿಡಿದುಕೊಂಡು ಪಕ್ಕದ ಲೈನಿನ ದೇವಸ್ಥಾನದ ಮೈಕಿನ ಮೇಲೆ ದೂರು ಬರೆಯಲು ಹೊರಟರೆ ನಮಗೆ ದುಃಖವಾಗುತ್ತದೆ. ಒಂದೇ ನಲ್ಲಿಯ ನೀರು ಹಿಡಿಯುವ ಜನ ನಾವು. ಮೊದಲು ನಮ್ಮ ಬಾಕ್ಸನ್ನು ಇಳಿಸೋಣ. ಆಮೇಲೆ ಹಬ್ಬದ ಕಮಿಟಿಯ ಹಿರಿಯರ ಹತ್ತಿರ ಹಬ್ಬಕ್ಕೆ ಒಂದು ವಾರ ಮುಂಚೆ ಹೋಗಿ, ಅಣ್ಣಾ, ಬಾಕ್ಸನ್ನು ಆ ಕಡೆ ತಿರುಗಿಸಬಹುದೇ, ಮಕ್ಕಳನ್ನು ಈ ಕಡೆ ಕೂರಿಸಬಹುದೇ ಎಂದು ಕೇಳಿದರೆ ಬಹುಪಾಲು ಜನ ಒಪ್ಪುತ್ತಾರೆ. ಹಬ್ಬದ ರಾತ್ರಿಯೇ, ಅದೂ ಪೊಲೀಸರನ್ನು ಕರೆದುಕೊಂಡು, ಹೇಳಿದರೆ ಯಾರೂ ಒಪ್ಪುವುದಿಲ್ಲ.

ಇನ್ನು ಹಬ್ಬಕ್ಕೆ ಹೋಗುವವರು ಮಾಡಬೇಕಾದದ್ದು. ಎಲ್ಲಕ್ಕಿಂತ ಅಗ್ಗದ ಔಷಧ ದೂರ. ಬಯಲಿನಲ್ಲಿ ಬಾಕ್ಸಿನಿಂದ ಇರುವ ದೂರವನ್ನು ಇಮ್ಮಡಿ ಮಾಡಿದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಮೇಲೆ ಹೇಳಿದ ಲೆಕ್ಕ ನೆನಪಿದ್ದರೆ, ಕಿವಿ ತಾಳುವ ಹೊತ್ತು ನಾಲ್ಕು ಪಟ್ಟು ಆಯಿತು. ಐದು ಹೆಜ್ಜೆಯಲ್ಲಿ ನಿಂತವರು ಹತ್ತು ಹೆಜ್ಜೆಗೆ ಸರಿದರೆ ಇಷ್ಟು ಲಾಭ. ಇಪ್ಪತ್ತಕ್ಕೆ ಸರಿದರೆ ಇನ್ನೂ ನಾಲ್ಕು ಪಟ್ಟು. ಗಂಟೆಗೊಮ್ಮೆ ಸದ್ದಿನಿಂದ ದೂರ ಹೋಗಿ ಒಂದು ಟೀ ಕುಡಿದು ಬನ್ನಿ. ಮೆಡಿಕಲ್ ಶಾಪಿನಲ್ಲಿ ಬೆಂಡಿನಂಥ ಮೆತ್ತನೆಯ ಕಿವಿಬಿರಡೆ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಬೆರಳಿನಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿಯನ್ನು ಹಿಂದಕ್ಕೆಳೆದು, ಒಳಗೆ ಇಟ್ಟು ಅರಳುವ ತನಕ ಹಿಡಿಯಬೇಕು. ಸುಮ್ಮನೆ ಬಾಗಿಲಲ್ಲಿ ಸಿಕ್ಕಿಸಿದರೆ ಏನೂ ಪ್ರಯೋಜನವಿಲ್ಲ. ಹತ್ತಿಯುಂಡೆ ಸಾಕೆಂದು ನಂಬಿದವರು ಬಹಳ. ಹತ್ತಿ ಸದ್ದನ್ನು ತಡೆಯುವುದು ತೀರಾ ಸ್ವಲ್ಪ. ಏನೂ ಇಲ್ಲದ ವೇಳೆಯಲ್ಲಿ ಎರಡು ಬೆರಳು ಇದ್ದೇ ಇವೆ. ಚಿಕ್ಕ ಮಕ್ಕಳ ಕಿವಿಗೆ ಬಿರಡೆ ಇಡಬೇಡಿರಿ, ನುಂಗುವ ಭಯವಿದೆ; ತಲೆಗೆ ಹಾಕುವ ಕಿವಿಮುಚ್ಚಳ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ಆ ಜಾಗಕ್ಕೆ ಕೂಸನ್ನು ಒಯ್ಯಬೇಡಿರಿ. ಪಟಾಕಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂದು 1999ರ ಸರ್ಕಾರಿ ಆಜ್ಞೆ ಇದೆ. ಕೈಯಲ್ಲಿ ಹಿಡಿದು ಎಸೆಯುವ ಹುಡುಗನ ಕಿವಿ 4 ಮೀಟರ್ ದೂರದಲ್ಲಿ ಇರುವುದಿಲ್ಲ. ಅಂಥ ಸಿಡಿತ ಒಂದೇ ಸಲದಲ್ಲಿ ಕಿವಿಯನ್ನು ಕೆಡಿಸಬಲ್ಲದು.

ಇಲ್ಲಿ ಯಾರೂ ನೆನೆಯದ ಕೆಲವರನ್ನು ನೆನೆಯಬೇಕು. ಮೈಕ್ ಸೆಟ್ಟಿನ ಹುಡುಗರು, ಬ್ಯಾಂಡ್ ಸೆಟ್ಟಿನವರು, ಕೇರಳದಿಂದ ಬರುವ ಚೆಂಡೆಯವರು, ತಮಟೆ ಬಾರಿಸುವ ನಮ್ಮದೇ ಬಂಧುಗಳು. ನಾವು ಎರಡು ಗಂಟೆ ಕೇಳಿ ಮನೆಗೆ ಹೋಗುತ್ತೇವೆ; ಅವರಿಗೆ ಸೀಸನ್ ಪೂರ್ತಿ ಅದೇ ಕೆಲಸ. ಅವರೂ ಕೂಲಿಗಾರರೇ. ಅವರನ್ನು ಕರೆಸುವವರು ಊಟದ ಜೊತೆಗೆ ಒಂದೊಂದು ಜೊತೆ ಕಿವಿಬಿರಡೆಯನ್ನೂ ಕೊಡುವ ಪದ್ಧತಿ ಏಕೆ ಬರಬಾರದು? ಹಾಡು ಕಚೇರಿ, ಮೇಳಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಬಂದವರಿಗೆ ಕಿವಿಬಿರಡೆ ಸಿಗುವಂತಿರಬೇಕು, ಸದ್ದಿಲ್ಲದೆ ಕೂರುವ ಒಂದು ಜಾಗ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ದೊಡ್ಡ ದೇಶಗಳ ದೊಡ್ಡ ಸಭಾಂಗಣಗಳಿಗೆಂದು ಬರೆದ ಮಾತೇ ಆದರೂ ಮೂರನೆಯದನ್ನು ಮಾಡಲು ನಮಗೆ ಒಂದು ತಾಡಪಾಲು ಮತ್ತು ನಾಲ್ಕು ಬೆಂಚು ಸಾಕು.

ಕಿವಿ ಈಗಾಗಲೇ ಕೆಟ್ಟಿದೆ ಎನ್ನುವವರು ಕಾಯಿಸಿದ ಎಣ್ಣೆ ಹಾಕುವುದನ್ನು ದಯವಿಟ್ಟು ಬಿಡಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೆ ಹೋದರೆ ಮುಂದಿನ ಸಂಬಳದ ತನಕ ಕಾಯದೆ ಅದೇ ದಿನ, ತಪ್ಪಿದರೆ ಮರುದಿನ ಡಾಕ್ಟರರ ಬಳಿಗೆ ಹೋಗಿರಿ. ತಡಮಾಡಿದಷ್ಟು ಗುಣವಾಗುವ ಆಸೆ ಕಡಿಮೆ. ಊಟಿಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಗೂಡಲೂರು, ಮಸಿನಗುಡಿಯವರಿಗೆ ಬಸ್ಸಿನ ಅನುಕೂಲವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೂ ಉಂಟು. 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಕನ್ನಡದಲ್ಲೇ ಮಾತಾಡಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕೇಳುವ ಯಂತ್ರವನ್ನು ಬಡವರಿಗೆ ಸರ್ಕಾರದ ಯೋಜನೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಜಿಲ್ಲೆಯ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿರಿ. ಫ್ಯಾಕ್ಟರಿಯ ಸದ್ದಿನಿಂದ ಕಿವಿ ಕುಂದುವುದು ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ ಕಾನೂನಿನಲ್ಲೇ ಸೇರಿದೆ, ಪರಿಹಾರ ಕೇಳಲು ಅವಕಾಶವಿದೆ. ಆದರೆ ಕೆಲಸಕ್ಕೆ ಸೇರಿದಾಗ ಕಿವಿ ಹೇಗಿತ್ತೆಂಬ ಕಾಗದ ಕೈಯಲ್ಲಿಲ್ಲದಿದ್ದರೆ ವಾದ ಕಷ್ಟ. ರಾತ್ರಿಯೆಲ್ಲಾ ಡಿ.ಜೆ. ಮುಂದೆ ಕುಣಿದದ್ದರಿಂದ ಕೆಟ್ಟಿತು ಎಂದು ಮ್ಯಾನೇಜುಮೆಂಟಿನವರು ಹೇಳಿದರೆ ನಮ್ಮ ಉತ್ತರವೇನು? ಯಂತ್ರದ ಬಳಿ ದುಡಿಯುವ ಯುವಕರು ಈಗಲೇ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆ ಭದ್ರವಾಗಿಡಲಿ. ಕೆಲಸದ ಜಾಗದಲ್ಲಿ ಕಿವಿಮುಚ್ಚಳ ಕೊಡಿರೆಂದು ಯೂನಿಯನ್ನಿನ ಮೂಲಕ ಕೇಳಲಿ. ಕೊಟ್ಟದ್ದನ್ನು ಮೊಳೆಗೆ ತೂಗುಹಾಕದೆ ಹಾಕಿಕೊಳ್ಳಲಿ.

ಈ ವರ್ಷದ ಕ್ರಿಸ್ಮಸ್ ಕೂಟದ ವಿಷಯವಾಗಿ ಮೈಕ್ ಸೆಟ್ಟಿನವರ ಸಂಗಡ ಮಾತಾಡಿದ್ದೇವೆ. ಬಾಕ್ಸು ಎರಡೇ. ಅವನ್ನು ನೆಲದ ಮೇಲಿಡದೆ ಆಳೆತ್ತರಕ್ಕೆ ಏರಿಸಿ, ಮುಂದಿನ ಸಾಲಿನ ತಲೆಯ ಮೇಲಿಂದ ಹಿಂದಕ್ಕೆ ಸದ್ದು ಹೋಗುವಂತೆ ತಿರುಗಿಸುತ್ತಾರೆ. ಮೊದಲ ಮೂರು ಸಾಲು ಖಾಲಿ ಬಿಡುತ್ತೇವೆ. ತಾಯಂದಿರಿಗೂ ಕೂಸುಗಳಿಗೂ ಹಿಂದುಗಡೆ, ಬಾಗಿಲ ಹತ್ತಿರ ಚಾಪೆ ಹಾಸಿರುತ್ತದೆ. ಕಿವಿ ಮಂದವಾದ ಹಿರಿಯರನ್ನು ಪ್ರಸಂಗ ಮಾಡುವವರ ಎದುರಿಗೆ, ಬಾಕ್ಸಿನ ದಾರಿಗೆ ಸಿಗದಂತೆ, ಬಾಯಿ ಕಾಣುವ ಹಾಗೆ ಕೂರಿಸುವ ಹೊಣೆಯನ್ನು ಯುವಜನ ಸಂಘದವರು ಹೊತ್ತಿದ್ದಾರೆ. ರಾತ್ರಿ ಒಂಬತ್ತೂವರೆಗೆ ಮೈಕ್ ನಿಲ್ಲುತ್ತದೆ. ಗೂಡಲೂರು ದಾರಿಯವರು ಜೀಪ್ ಬರುವ ತನಕ ಒಟ್ಟಿಗೆ ಇರಬೇಕು, ಟಾರ್ಚ್ ಮರೆಯದೆ ತರಬೇಕು.